ಬೆಳ್ಳಿ ತಂತಿ, ಪುಟ್ಟ ಗಂಟೆ

ದಿಗ್ಬಂಧನ ನಮಗೆ ಹೊಸ ಮಾತಲ್ಲ. ಲಕ್ಷ್ಮಣ ಎಳೆದ ಗೆರೆಯ ಕಥೆ ಕೇಳಿಯೇ ಬೆಳೆದವರು ನಾವು. ಆದರೆ ಆ ಗೆರೆ ತಡೆಯುತ್ತಿತ್ತೇ ಹೊರತು, ಬಾಗಿಲಿಗೆ ಯಾರೋ ಬಂದಿದ್ದಾರೆಂದು ಕಾಡಿಗೆ ಹೋದವರಿಗೆ ತಿಳಿಸುತ್ತಿರಲಿಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ‘ಅಲಾರ್ಮ್’ ಮಂತ್ರದ್ದು ಇದಕ್ಕೆ ತದ್ವಿರುದ್ಧ ಸ್ವಭಾವ. ಅದು ಯಾರನ್ನೂ ತಡೆಯುವುದಿಲ್ಲ, ಚಾಡಿ ಹೇಳುತ್ತದೆ ಅಷ್ಟೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟವಿದು. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಬಾಯಲ್ಲೇ ಕಥೆ ಕಟ್ಟಬೇಕು. ಇದರ ಐದನೇ ಆವೃತ್ತಿಯ ನಿಯಮದಂತೆ, ಮಾಂತ್ರಿಕನ ಕೈಯಲ್ಲಿ ಪುಟ್ಟ ಗಂಟೆ ಮತ್ತು ಬೆಳ್ಳಿಯ ಸಣ್ಣ ತಂತಿ ಇದ್ದರೆ ಒಂದು ನಿಮಿಷದಲ್ಲಿ ಕಾವಲು ಸಿದ್ಧ. ಬಾಗಿಲು, ಕಿಟಕಿ, ಇಲ್ಲವೇ ಉದ್ದ, ಅಗಲ, ಎತ್ತರ 20 ಅಡಿ ಮೀರದ ಜಾಗ. ಎಂಟು ಗಂಟೆ, ಅಂದರೆ ಒಂದು ರಾತ್ರಿಯ ನಿದ್ದೆಗೆ ಸಾಕು. ಗಂಟೆ ಎಲ್ಲರಿಗೂ ಕೇಳಬೇಕೆಂದರೆ 60 ಅಡಿಯವರೆಗೆ ಹತ್ತು ಸೆಕೆಂಡು ಮೊಳಗುತ್ತದೆ. ಗುಟ್ಟಾಗಿರಲಿ ಎಂದರೆ ಒಂದು ಮೈಲಿಯೊಳಗಿರುವ ಮಾಂತ್ರಿಕನ ತಲೆಯೊಳಗೆ ಮಾತ್ರ ಟಿಣ್ ಎನ್ನುತ್ತದೆ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಎಚ್ಚರವಾದದ್ದು ಕಳ್ಳನಿಗೆ ಗೊತ್ತಾಗದಿದ್ದರೇ ಒಳ್ಳೆಯದು.

ಬ್ಯಾಂಕಿನ ಗೋಡೆ ಮೂಲೆಯಲ್ಲಿ ಕಳ್ಳರ ಚಲನೆ ಪತ್ತೆಹಚ್ಚುವ ಬಿಳಿ ಡಬ್ಬಿಯನ್ನು ನೋಡಿರುತ್ತೀರಿ. ಅದಕ್ಕೆ ಮನುಷ್ಯ ಯಾರು, ನಾಯಿ ಯಾವುದು ತಿಳಿಯದು. ಎದುರಿಗೆ ಬಿಸಿಮೈ ಸರಿದಾಡಿದರೆ ಅವಕೆಂಪು ಕಿರಣಗಳಲ್ಲಾಗುವ ಏರಿಳಿತವನ್ನಷ್ಟೇ ಅದು ಗ್ರಹಿಸುತ್ತದೆ. ಮಂತ್ರ ನೋಡುವುದು ಬಿಸಿಯನ್ನಲ್ಲ: ‘ಬಂದದ್ದು ಜೀವಿಯೇ?’ ಎಂಬುದನ್ನು. ಹಾಗಾಗಿ ಅದೃಶ್ಯನಾಗಿ ಬಂದವನೂ ಸಿಕ್ಕಿಬೀಳುತ್ತಾನೆ, ತಣ್ಣಗೆ ನಡೆದು ಬರುವ ಅಸ್ಥಿಪಂಜರವೂ ಅಷ್ಟೇ, ಆಟದಲ್ಲಿ ಅದೂ ಜೀವಿಯೇ. ಆದರೆ ಆಟದ ಲೆಕ್ಕದಲ್ಲಿ ‘ಅತಿ ಚಿಕ್ಕ’ ಗಾತ್ರಕ್ಕೆ ಸೇರುವ ಇಲಿ ಹೊಕ್ಕರೂ ಗಂಟೆ ಬಡಿಯುತ್ತದೆ!

ಪಳಗಿದ ಕಳ್ಳ ಹುಡುಕುವುದು ‘ಜೀವಿಯೇ?’ ಎಂಬ ಈ ಪ್ರಶ್ನೆಯ ಸಂದನ್ನೇ. ‘ಮೇಜ್ ಹ್ಯಾಂಡ್’ ಎಂಬ ಮಂತ್ರದಿಂದ ಮೂಡುವ ತೇಲುವ ಕೈ ಜೀವಿಯಲ್ಲ. ಕಳ್ಳ 30 ಅಡಿ ದೂರದಲ್ಲಿ ನಿಂತು, ಬೀಗವಿಲ್ಲದ ಬಾಗಿಲನ್ನು ಅದರಿಂದ ತೆರೆಸಿದರೆ ಅಲಾರ್ಮ್ ಮೌನ. ಅವನೇ ಹೊಸಿಲು ದಾಟಿದರೆ ಗಂಟೆ ಬಡಿದೀತು. ಅದಕ್ಕೇ ಜಾಣ ಕಳ್ಳ ಒಳಗಿನ ಚೀಲವನ್ನೂ ಆ ಕೈಯಿಂದಲೇ ತರಿಸುತ್ತಾನೆ. ಚೀಲದ ತೂಕ ಹತ್ತು ಪೌಂಡ್ ಮೀರಬಾರದು ಅಷ್ಟೆ.

ಅಲಾರ್ಮ್‌ಗಿಂತ ಉಗ್ರವಾದದ್ದು ‘ಗ್ಲಿಫ್ ಆಫ್ ವಾರ್ಡಿಂಗ್’ ಎಂಬ ಕಾವಲು ಮಂತ್ರ. ಇದನ್ನು ಬರೆಯಲು ಒಂದು ಗಂಟೆ ಬೇಕು, 200 ಚಿನ್ನದ ನಾಣ್ಯ ಬೆಲೆಯ ವಜ್ರದ ಪುಡಿಯೂ ಖರ್ಚಾಗುತ್ತದೆ. ಹಾಕಿದ ಷರತ್ತು ಈಡೇರಿದೊಡನೆ ಸಿಡಿಯುವಂತೆ ಮಾಡಬಹುದು. ಆದರೆ ಪುಸ್ತಕದಲ್ಲೋ ಪೆಟ್ಟಿಗೆಯಲ್ಲೋ ಬರೆದು ಅದನ್ನು ಹತ್ತು ಅಡಿಗಿಂತ ಆಚೆ ಒಯ್ದರೆ ಮಂತ್ರ ಕೆಟ್ಟುಹೋಗುತ್ತದೆ. ಈ ಒಂದು ಸಾಲಿಲ್ಲದಿದ್ದರೆ ಆಟಗಾರರೆಲ್ಲ ಜೋಳಿಗೆ ತುಂಬ ಬಾಂಬು ಹೊತ್ತು ತಿರುಗುತ್ತಿದ್ದರು.

ಅಲಾರ್ಮ್ ಹಾಕುವಾಗ ಯಾರಿಗೆ ವಿನಾಯಿತಿ ಎಂದು ಮೊದಲೇ ಹೇಳಬಹುದು. ಜೊತೆಗಾರರ ಹೆಸರು ಹೇಳಲು ಮಾಂತ್ರಿಕ ಮರೆತನೋ, ನಡುರಾತ್ರಿ ಉಚ್ಚೆಗೆಂದು ಎದ್ದುಹೋದವನು ಮರಳಿ ಕಾಲಿಟ್ಟೊಡನೆ ಗಂಟೆ ಬಡಿದು, ಇಡೀ ತಂಡ ಕತ್ತಿ ಹಿರಿದು ಅವನ ಮೇಲೆಯೇ ಎರಗುತ್ತದೆ.