ದರ್ಶನಾವರಣಕ್ಕೆ ಪಡಿಯಱನ ದೃಷ್ಟಾಂತ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರ ಕರ್ಮಕಾಂಡದ 21ನೆಯ ಗಾಥೆಯಲ್ಲಿ ಎಂಟು ಮೂಲಕರ್ಮಗಳ ಸ್ವಭಾವವನ್ನು ಎಂಟು ದೃಷ್ಟಾಂತಗಳಿಂದ ತಿಳಿಸಿರುವರು. ಜ್ಞಾನಾವರಣಕ್ಕೆ ವಸ್ತ್ರ, ದರ್ಶನಾವರಣಕ್ಕೆ ದ್ವಾರಪಾಲಕನಾದ ಪ್ರತಿಹಾರ, ಕೊನೆಯ ಅಂತರಾಯಕ್ಕೆ ಭಂಡಾರಿ. ಮೊದಲೆರಡೂ ಆವರಣಗಳೇ ಆಗಿರಲು, ಎರಡಕ್ಕೂ ವಸ್ತ್ರವೊಂದೇ ಸಾಲದೆ ಬಾಗಿಲ ಕಾವಲಿನವನನ್ನು ಏಕೆ ತಂದರೆಂಬುದು ವಿಚಾರಣೀಯ. ಪ್ರವಚನಗಳಲ್ಲಿ ‘ಅದೂ ಮರೆ, ಇದೂ ಮರೆ’ ಎಂದು ಹೇಳಿ ಮುಂದೆ ಸಾಗುವುದುಂಟು. ಹಾಗೆ ಸಾಗಿದಲ್ಲಿ ದರ್ಶನ-ಜ್ಞಾನಗಳ ಭೇದವೇ ಕೈತಪ್ಪುತ್ತದೆ.

ಪ್ರಾಕೃತದ ‘ಪಡಿಹಾರ’ ಶಬ್ದವೇ ಹಳಗನ್ನಡದಲ್ಲಿ ‘ಪಡಿಯಱ’ ಎಂದಾಗಿದೆ. ಅರಮನೆಯ ಬಾಗಿಲಲ್ಲಿ ಬೆತ್ತ ಹಿಡಿದು ನಿಂತು, ಬಂದವನನ್ನು ತಡೆದು, ಒಳಗೆ ಬಿನ್ನವಿಸಿ, ಅಪ್ಪಣೆಯಾದರೆ ಒಳಹೊಗಿಸುವುದು ಇವನ ಕಾರ್ಯ. ಓಲೆಗರಿಗಳಲ್ಲಿ ಪದವಿಭಾಗವಿಲ್ಲ, ‘ಪಡ’, ‘ಪಡಿಹಾರ’ಗಳು ಒತ್ತೊತ್ತಾಗಿ ನಿಂತು, ಮುಂದಿನ ‘ಅಸಿ’ ಶಬ್ದವೂ ಸಂಧಿಯಿಂದ ಕೂಡಿಕೊಳ್ಳುವುದರಿಂದ ಲಿಪಿಕಾರನ ಕಣ್ಣು ಒಂದರಿಂದ ಮತ್ತೊಂದಕ್ಕೆ ಜಾರುವುದು ಸುಲಭ. ಅಂತಹ ಸ್ಖಾಲಿತ್ಯವನ್ನು ಗಾಥೆಯ ಮಾತ್ರೆಗಳೂ ಎಂಟೆಂಬ ಎಣಿಕೆಯೂ ಕೂಡಲೆ ತೋರಿಕೊಡುತ್ತವೆ.

ಇನ್ನು ಅರ್ಥ. ಶ್ವೇತಾಂಬರ ಪರಂಪರೆಯ ದೇವೇಂದ್ರಸೂರಿಗಳ ಕರ್ಮವಿಪಾಕದಲ್ಲಿ ಜ್ಞಾನಾವರಣವು ಕಣ್ಣಿಗೆ ಕಟ್ಟಿದ ವಸ್ತ್ರ. ಗೊಮ್ಮಟಸಾರದ ಟೀಕಾಪರಂಪರೆಯಲ್ಲಿ ಅದು ದೇವತೆಯ ಮುಖಕ್ಕೆ ಮುಚ್ಚಿದ ವಸ್ತ್ರ. ದರ್ಶನಾವರಣಕ್ಕಾದರೋ ಎರಡೂ ಕಡೆ ದ್ವಾರಪಾಲಕನೇ. ನಮ್ಮ ಪರಂಪರೆಯ ವಸ್ತ್ರವನ್ನು ಹಿಡಿದು ನೋಡಿದರೆ ಪಡಿಯಱನ ಔಚಿತ್ಯವು ಹೆಚ್ಚು ಸ್ಪಷ್ಟವಾಗುವುದೆಂದು ನನ್ನ ಅಭಿಪ್ರಾಯ. ದೇವತೆಯ ಮುಂದೆ ನಿಂತವನು ಆಗಲೇ ಗುಡಿಯೊಳಗಿದ್ದಾನೆ. ಏನೋ ಒಂದು ಇದೆಯೆಂಬ ಸಾಮಾನ್ಯಗ್ರಹಣ ಅವನಿಗುಂಟು. ಮುಖದ ವಿಶೇಷಗಳು ಮಾತ್ರ ತಿಳಿಯವು. ಬಾಗಿಲಲ್ಲೇ ತಡೆಯಲ್ಪಟ್ಟವನಿಗೆ ಆ ಸಾಮಾನ್ಯಗ್ರಹಣವೂ ಇಲ್ಲ. ಅರಸನ ತೇಜಸ್ಸು ಕುಂದಿಲ್ಲ, ಬಂದವನ ಕಣ್ಣು ಕೆಟ್ಟಿಲ್ಲ, ಎದುರುಗೊಳ್ಳುವಿಕೆಯೇ ಆಗಲಿಲ್ಲ. ಛದ್ಮಸ್ಥರಲ್ಲಿ ದರ್ಶನಪೂರ್ವಕವಾಗಿಯೇ ಜ್ಞಾನವಾಗುವುದರಿಂದ ಬಾಗಿಲು ಮೊದಲು, ವಸ್ತ್ರ ಆಮೇಲೆ. ಗಾಥೆಯಲ್ಲಿ ವಸ್ತ್ರವೇ ಮೊದಲು ಬಂದಿರುವುದು ಜ್ಞಾನದ ಪೂಜ್ಯತೆಯನ್ನು ಅನುಸರಿಸಿ. ಆ ಕಾರಣವನ್ನು ಆಚಾರ್ಯರೇ ಅದೇ ಪ್ರಕರಣದಲ್ಲಿ ಹೇಳಿರುವರು.

ಭಂಡಾರಿಯೂ ತಡೆಯುವವನೇ. ಆದರೆ ಅವನು ತಡೆಯುವುದು ದಾನಾದಿಗಳನ್ನು, ನೋಟವನ್ನಲ್ಲ.

ಪಡಿಯಱನು ಎಲ್ಲರನ್ನೂ ಒಂದೇ ರೀತಿ ತಡೆಯುವುದಿಲ್ಲ. ದರ್ಶನಾವರಣದ ಒಂಬತ್ತು ಪ್ರಕೃತಿಗಳಲ್ಲಿ ಚಕ್ಷು, ಅಚಕ್ಷು, ಅವಧಿ ಇವುಗಳ ಆವರಣಗಳು ದೇಶಘಾತಿಗಳು. ಏಕೇಂದ್ರಿಯ ಜೀವನಿಗೂ ಅಚಕ್ಷುದರ್ಶನದ ಕ್ಷಯೋಪಶಮವಿದೆ, ಎಂದರೆ ಅಷ್ಟು ಬಾಗಿಲು ತೆರೆದೇ ಇದೆ. ಕೇವಲದರ್ಶನಾವರಣವೂ ಐದು ನಿದ್ರೆಗಳೂ ಸರ್ವಘಾತಿಗಳು. ಲೋಕದಲ್ಲಿ ಕಾವಲಿನವನು ನಿದ್ರಿಸಿದರೆ ಬಾಗಿಲು ಬಯಲಾಗುತ್ತದೆ. ಇಲ್ಲಿ ನಿದ್ರೆಯೇ ಕಾವಲು! ದೃಷ್ಟಾಂತವನ್ನು ಎಲ್ಲಾ ಅಂಶಗಳಲ್ಲಿಯೂ ಎಳೆಯಬಾರದೆಂಬುದಕ್ಕೆ ಇದೊಂದು ನಿದರ್ಶನ. ಮತ್ತೊಂದು: ಪಡಿಯಱನು ಚೇತನ, ಅರಸನ ಅಪ್ಪಣೆಗೆ ಒಳಪಟ್ಟವನು, ಕರ್ಮವು ಪುದ್ಗಲ, ಆತ್ಮನ ಕಷಾಯದಿಂದಲೇ ಸ್ಥಿತಿಯನ್ನು ಪಡೆದು ಅವನ ಬಾಗಿಲಲ್ಲಿ ನಿಂತಿರುವಂಥದು. ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿ ರಚಿಸಿದ ಜೀವತತ್ತ್ವಪ್ರದೀಪಿಕೆಯ ಪ್ರತಿಗಳನ್ನು ಓದುವವರು ಈ ಎರಡು ಮಿತಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕ್ಷಪಕನಿಗೆ ಸ್ತ್ಯಾನಗೃದ್ಧಿ ಮೊದಲಾದ ಮೂರು ಗಾಢನಿದ್ರೆಗಳು ಒಂಬತ್ತನೆಯ ಗುಣಸ್ಥಾನದಲ್ಲಿ ಕ್ಷಯವಾಗುತ್ತವೆ. ನಿದ್ರೆ, ಪ್ರಚಲೆಗಳು ಹನ್ನೆರಡನೆಯ ಕ್ಷೀಣಕಷಾಯದ ದ್ವಿಚರಮ ಸಮಯದಲ್ಲಿ ಹೋಗುತ್ತವೆ. ಉಳಿದ ನಾಲ್ಕು ಚರಮಸಮಯದಲ್ಲಿ, ಐದು ಜ್ಞಾನಾವರಣ ಮತ್ತು ಐದು ಅಂತರಾಯಗಳೊಡನೆ ಕಳೆಯುತ್ತವೆ. ಪಡಿಯಱನು ತೊಲಗುವ ಸಮಯದಲ್ಲಿಯೇ ವಸ್ತ್ರವೂ ಸರಿಯುವುದರಿಂದ ಕೇವಲಿಗೆ ದರ್ಶನ-ಜ್ಞಾನಗಳು ಯುಗಪತ್ತಾಗಿ ಪ್ರವರ್ತಿಸುತ್ತವೆ.