ಊರ ಹೆಸರಲ್ಲಿ ಗೋವು, ಹುಡುಗರ ಕೈಲಿ ಕೋಲಾ!

ಗೋವಿನಕೋವಿ: ಹೆಸರಲ್ಲೇ ಗೋವು ಇಟ್ಟುಕೊಂಡ ಊರಿದು. ಹೊನ್ನಾಳಿ, ನ್ಯಾಮತಿ ಸೀಮೆಯ ಹಾಲು ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಹೋಗುತ್ತದೆ. ಕ್ಯಾನಿನಲ್ಲಿ ಹಾಲು ಊರು ಬಿಡುತ್ತೆ, ಅದೇ ರಸ್ತೇಲಿ ಕೋಲಾ ಊರಿಗೆ ಬರುತ್ತೆ. ಈ ಅದಲು ಬದಲಿನಲ್ಲಿ ಲುಕ್ಸಾನು ಯಾರಿಗೆ? ಕಾಲೇಜು ಹುಡುಗ-ಹುಡುಗಿಯರ ಮೂಳೆಗೆ.

ಮೂಳೆಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ತುಂಬೋದು ಸುಗ್ಗಿಯಲ್ಲಿ ಕಣಜ ತುಂಬಿದ ಹಾಗೆ. ಜೀವಮಾನಕ್ಕೆ ಬೇಕಾದ ಗಟ್ಟಿತನದಲ್ಲಿ ಸುಮಾರು ಶೇ. 90ರಷ್ಟು 18-20ರ ವಯಸ್ಸಿಗೇ ಸೇರಿರುತ್ತದೆ. ಆಗ ತುಂಬದೆ ಬಿಟ್ಟ ಕಣಜವನ್ನು ನಲವತ್ತರಲ್ಲಿ ಮಾತ್ರೆ ನುಂಗಿ ತುಂಬುತ್ತೇನೆ ಅಂದರೆ ಆಗುವ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ 13-15ರ ಮಕ್ಕಳಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 16-18ರವರಿಗೆ 1050.

ತಮಾಷೆ ನೋಡಿ. ಸರ್ಕಾರ 2013ರ ಆಗಸ್ಟ್ 1ರಂದು ಶುರು ಮಾಡಿದ ಕ್ಷೀರಭಾಗ್ಯದ ಲೋಟ ಇರೋದು ಒಂದರಿಂದ ಹತ್ತನೇ ತರಗತಿಯವರಿಗೆ. 2024ರಲ್ಲಿ ಅದಕ್ಕೆ ರಾಗಿ ಮಾಲ್ಟೂ ಸೇರಿತು. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಬಸ್ ಹತ್ತಿದ ಮೇಲೆ ಆ ಲೋಟವಿಲ್ಲ. ಮೂಳೆಗೆ ಹೆಚ್ಚು ಬೇಕಾಗುವ ಹೊತ್ತಿಗೇ ಹಾಲು ಬಂದ್! ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮಿರ್ಚಿ, ಮೇಲೊಂದು ಕೋಲಾ. ಮಧ್ಯಾಹ್ನದ ಊಟ ಆಯ್ತು.

ಹಾಗಂತ ಗೋಲಿ ಸೋಡಾವನ್ನು ಬೈಯುವ ಹಾಗಿಲ್ಲ. ಗ್ಯಾಸಿನಿಂದ ಮೂಳೆ ಸವೆಯೋದಿಲ್ಲ. ಕೋಲಾದ ಕಥೆ ಬೇರೆ. ಅದರಲ್ಲಿ ಫಾಸ್ಫಾರಿಕ್ ಆಮ್ಲ ಇದೆ, ಕೆಫೀನ್ ಇದೆ, 250 ಮಿಲಿ ಬಾಟಲಿಗೆ ಐದಾರು ಚಮಚ ಸಕ್ಕರೆ ಇದೆ. 2000ದಲ್ಲಿ ಅಮೆರಿಕದ ಬಾಸ್ಟನ್ ಕಡೆಯ ಒಂದು ಹೈಸ್ಕೂಲಿನ 460 ಹುಡುಗಿಯರನ್ನು ವಿಚಾರಿಸಿದ ವರದಿ ಬಂತು. ಆಟೋಟದಲ್ಲಿದ್ದವರ ಪೈಕಿ ಕೋಲಾ ಕುಡಿಯುವವರಲ್ಲೇ ಮೂಳೆ ಮುರಿದುಕೊಂಡವರು ಹೆಚ್ಚು. ಕೋಲಾದಿಂದಲೇ ಮುರೀತು ಅಂತ ಅದರಿಂದ ಸಾಬೀತಾಗಲಿಲ್ಲ. ಆದರೆ ಬಾಟಲಿ ಬಂದ ಕಡೆ ಹಾಲು ಜಾಗ ಖಾಲಿ ಮಾಡುತ್ತೆ ಅನ್ನೋದರಲ್ಲಿ ತಕರಾರಿಲ್ಲ. ದೊಡ್ಡ ಪೆಟ್ಟೇ ಅದು.

ಮನೆ ಊಟದಿಂದ ಈ ಕೊರತೆ ತುಂಬುತ್ತಾ? ಭದ್ರಾ ನಾಲೆ ಬಂದ ಮೇಲೆ ಜಿಲ್ಲೆಯ ಎಷ್ಟೋ ಕಡೆ ಅನ್ನವೇ ಊಟ. ನೂರು ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ ಹತ್ತು ಮಿಲಿಗ್ರಾಂ ಆಸುಪಾಸು. ಅದೇ ನೂರು ಗ್ರಾಂ ರಾಗಿಯಲ್ಲಿ 340ಕ್ಕೆ ಕಮ್ಮಿಯಿಲ್ಲ. 200 ಮಿಲಿಯ ಒಂದು ಲೋಟ ಹಸುವಿನ ಹಾಲಲ್ಲಿ ಸುಮಾರು 240. ಎಳ್ಳು, ನುಗ್ಗೆಸೊಪ್ಪು ಕೈಗೆಟಕುವ ಮಾಲು. ಜೊತೆಗೆ ಮೈಗೆ ಬಿಸಿಲು ಬೀಳಬೇಕು, ಕಾಲಿಗೆ ಓಡಾಟ ಬೇಕು.

ಅಂಗಡಿಯವರ ಕಷ್ಟ ಬೇರೆ. ಫ್ರಿಜ್ಜು ಕೊಟ್ಟ ಕಂಪನಿ ಅದರೊಳಗೆ ತನ್ನ ಬಾಟಲಿಯೇ ಇರಬೇಕು ಅನ್ನುತ್ತೆ. ಮಜ್ಜಿಗೆ ಪ್ಯಾಕೆಟ್ಟಿಗೆ ಜಾಗ ಎಲ್ಲಿ? ಆದರೆ ಮಣ್ಣಿನ ಮಡಕೆಯಲ್ಲಿ ಮಜ್ಜಿಗೆ, ರಾಗಿ ಅಂಬಲಿ ಇಟ್ಟು ಮಾರೋದಕ್ಕೆ ಯಾವ ಕಂಪನಿಯ ಪರ್ಮಿಷನ್ನೂ ಬೇಕಿಲ್ಲ. ಬೇಸಿಗೆಯಲ್ಲಿ ಕಾಲೇಜು ಬಿಡುವ ಹೊತ್ತಿಗೆ ಒಂದು ಮಡಕೆ ಇಟ್ಟು ನೋಡಲಿ.