"ಏನು ಹೇಳಿದಳು ಮೇಡಂ?"

ಒಳಗೆ ಮುಕ್ಕಾಲು ಗಂಟೆ ಮಾತನಾಡಿದ ಹುಡುಗಿ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬರುತ್ತಾಳೆ. ಅಷ್ಟು ಹೊತ್ತೂ ಬೆಂಚಿನ ಮೇಲೆ ಕಾದಿದ್ದ ತಾಯಿ ಥಟ್ಟನೆ ಎದ್ದು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ ಕೇಳುವ ಮೊದಲ ಪ್ರಶ್ನೆ: "ಏನು ಹೇಳಿದಳು ಮೇಡಂ?"

ನಮ್ಮಲ್ಲಿ ಆಪ್ತ ಸಲಹೆಗಾರರನ್ನು ಇಕ್ಕಟ್ಟಿಗೆ ಸಿಲುಕಿಸುವ ಪ್ರಶ್ನೆ ಇದು. ಪಠ್ಯಪುಸ್ತಕದ ಉತ್ತರವೇನೋ ಸರಳ: ಹೇಳಕೂಡದು. ಆದರೆ ಮಗಳನ್ನು ಬಸ್ಸು ಹತ್ತಿಸಿ ಕರೆತಂದವಳು ಈ ತಾಯಿಯೇ. ಫೀಸು ಕೊಟ್ಟವಳೂ, ರಾತ್ರಿಯಿಡೀ ಮಗಳ ಪಕ್ಕದಲ್ಲಿ ಎಚ್ಚರವಿರುವವಳೂ ಇವಳೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನೂ ಉಳಿಸಿಕೊಂಡು, ಚಿಕಿತ್ಸೆಯಲ್ಲಿ ಜೊತೆಗೂಡಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಡೀ ಕುಟುಂಬವನ್ನು ಕೂರಿಸಿ ಮಾತನಾಡಿಸುವುದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯವರನ್ನು ಪೂರ್ತಿ ಹೊರಗಿಟ್ಟು ಮಾಡುವ ಚಿಕಿತ್ಸೆ ಇಲ್ಲಿ ಹೆಚ್ಚು ದೂರ ಸಾಗುವುದಿಲ್ಲ.

ಹಾಗೆಂದು ಮಗಳ ಮಾತು ತಾಯಿಯ ಸ್ವತ್ತಾಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯ 23ನೇ ಕಲಮು ಗೋಪ್ಯತೆಯನ್ನು ಹಕ್ಕೆಂದೇ ಸಾರಿದೆ. ಜೀವಕ್ಕೆ ಅಪಾಯ ಕಂಡಾಗ, ಇನ್ನೊಬ್ಬರಿಗೆ ಕೇಡಾಗುವ ಸಂಭವವಿದ್ದಾಗ ಅಗತ್ಯವಿದ್ದಷ್ಟನ್ನು ತಿಳಿಸಬಹುದು.

ಹುಡುಗಿಗೆ ಇಪ್ಪತ್ತಾಗಿದ್ದರೆ ಈ ಮಾತು. ಹದಿನೇಳಾಗಿದ್ದರೆ ಕತೆಯೇ ಬೇರೆ. 18ರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಆರು ತಿಂಗಳವರೆಗೆ ಸಜೆ ಎನ್ನುತ್ತದೆ 2012ರ ಪೋಕ್ಸೊ ಕಾಯಿದೆ. ಆಪ್ತ ಸಲಹೆಗಾರರಿಗೂ ವಿನಾಯಿತಿಯಿಲ್ಲ. ಮನೆಯೊಳಗೇ ಹೂತುಹೋಗುತ್ತಿದ್ದ ದೌರ್ಜನ್ಯಗಳು ಹೊರಬೀಳಲು ಇಂಥ ನಿಯಮ ಬೇಕಿತ್ತು, ನಿಜ. ಆದರೆ ಆ ವಯಸ್ಸಿನವರ ಒಪ್ಪಿಗೆಯನ್ನು ಕಾನೂನು ಒಪ್ಪಿಗೆಯೆಂದೇ ಎಣಿಸುವುದಿಲ್ಲ. ಹಾಗಾಗಿ ಸಹಪಾಠಿಯನ್ನು ಪ್ರೀತಿಸಿ, ದೇಹಸಂಬಂಧದವರೆಗೂ ಹೋಗಿ, ಈಗ ದಿಕ್ಕು ತೋಚದೆ ಬಂದು ಕುಳಿತವಳ ಮಾತೂ ಠಾಣೆಯ ಮೆಟ್ಟಿಲೇರಬೇಕಾಗುತ್ತದೆ. ಅದನ್ನು ಮೊದಲೇ ತಿಳಿಸಿದರೆ ಹುಡುಗಿ ಬಾಯಿ ಬಿಡದೆ ಎದ್ದು ಹೋಗಬಹುದು. ತಿಳಿಸದೆ ಎಲ್ಲವನ್ನೂ ಹೇಳಿಸಿಕೊಂಡರೆ ನಂಬಿಸಿ ಕೈಕೊಟ್ಟಂತೆ. ನನ್ನನ್ನು ಕೇಳಿದರೆ ಮೊದಲೇ ತಿಳಿಸುವುದು ಮೇಲು. ಎದ್ದು ಹೋದವಳು ಇನ್ನೊಂದು ದಿನ ಬಂದಾಳು, ಮೋಸ ಹೋದವಳು ಬರುವುದಿಲ್ಲ.

ಕೊರೊನಾ ಕಾಲದಲ್ಲಿ, 2020ರಿಂದ, ಸಲಹೆ ಫೋನಿಗೂ ಇಳಿಯಿತು. 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಬಂದಮೇಲೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸರಿ, ಆದರೆ ಎರಡು ಕೋಣೆಯ ಮನೆಯಲ್ಲಿ ಅತ್ತೆಯ ಕಿವಿಗೆ ಬೀಳದಂತೆ ಅತ್ತೆಯ ವಿಷಯ ಮಾತಾಡುವುದಾದರೂ ಹೇಗೆ? ಬಟ್ಟೆ ಒಣಹಾಕುವ ನೆಪದಲ್ಲಿ ತಾರಸಿ ಹತ್ತಬೇಕು.

ಇನ್ನು ಆ ತಾಯಿ. ಅನುಭವಿ ಸಲಹೆಗಾರರು ಆಕೆಯ ಪ್ರಶ್ನೆಯನ್ನು ಮೊದಲೇ ಊಹಿಸಿರುತ್ತಾರೆ. ಹುಡುಗಿ ಏಳುವ ಮುಂಚೆಯೇ, "ಅಮ್ಮನಿಗೆ ಇದರಲ್ಲಿ ಏನೇನು ಹೇಳೋಣ? ಯಾರು ಹೇಳೋಣ, ನೀನೋ ನಾನೋ?" ಎಂದು ಕೇಳಿ ಗೊತ್ತುಮಾಡಿಕೊಂಡಿರುತ್ತಾರೆ. ಆಮೇಲೆ ತಾಯಿಯನ್ನು ಒಳಗೆ ಕರೆದು, ಮಗಳ ಪಕ್ಕದ ಕುರ್ಚಿಯಲ್ಲೇ ಕೂರಿಸುತ್ತಾರೆ.